ಪುಟ್ಟ ಮಕ್ಕಳೊಂದಿಗೆ ಅಂಡಮಾನ್: ಖರ್ಚು ಎಲ್ಲಿ ಕಡಿಮೆ ಮಾಡಬಹುದು, ಎಲ್ಲಿ ಮಾಡಬಾರದು?

ರಜೆ ಹತ್ತಿರವಾದಂತೆ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ: ಮಕ್ಕಳನ್ನು ಕರೆದುಕೊಂಡು ಅಂಡಮಾನ್‌ಗೆ ಹೋಗಿಬರೋಣವೇ? ಪ್ರಶ್ನೆಯ ಬೆನ್ನಿಗೇ ಉತ್ತರಗಳೂ ಬರುತ್ತವೆ. "ಅಷ್ಟು ದುಡ್ಡು ಯಾರು ಸುರೀತಾರೆ?" ಎಂದು ಒಬ್ಬರು. "ಮೂರು ವರ್ಷದ ಮಗುವಿಗೆ ಏನು ನೆನಪಿರುತ್ತೆ?" ಎಂದು ಇನ್ನೊಬ್ಬರು. "ಮಳೆಗಾಲದಲ್ಲಿ ಹೋಗಿ, ಅರ್ಧ ರೇಟಿಗೆ ಮುಗಿಯುತ್ತೆ" ಎಂದು ಮತ್ತೊಬ್ಬರು. ಜೊತೆಗೆ ಹಿರಿಯರ ಸಲಹೆಗಳು: ವಿಮಾನದಲ್ಲಿ ಕಿವಿಗೆ ಹತ್ತಿ ಇಡು, ಬಿಸಿಲಿಗೆ ಕೊಬ್ಬರಿ ಎಣ್ಣೆ ಹಚ್ಚು, ಭೇದಿಯಾದರೆ ಎಳನೀರು ಕೊಡು.

ಇವುಗಳಲ್ಲಿ ಕೆಲವು ಮಾತು ನಿಜ, ಕೆಲವು ಅರ್ಧಸತ್ಯ, ಇನ್ನು ಕೆಲವನ್ನು ನಂಬಿದರೆ ದುಡ್ಡೂ ಹೋಗುತ್ತದೆ, ಮಗುವೂ ನರಳುತ್ತದೆ. ಪ್ರವಾಸದ ಖರ್ಚಿನ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಟಿಕೆಟ್ಟು, ಹೋಟೆಲ್ಲುಗಳ ಲೆಕ್ಕವನ್ನಷ್ಟೇ ಹಾಕುತ್ತೇವೆ. ಆದರೆ ಚಿಕ್ಕ ಮಕ್ಕಳಿರುವ ಮನೆಯವರಿಗೆ ಸೂರ್ಯ, ಸಮುದ್ರ, ಗಾಳಿ ಮತ್ತು ಮಗುವಿನ ದೇಹ ಈ ನಾಲ್ಕೂ ಬಜೆಟ್ಟಿನ ಭಾಗವೇ. ಅವು ಹೇಗೆ ಕೆಲಸಮಾಡುತ್ತವೆ ಎಂದು ಗೊತ್ತಿದ್ದರೆ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎನ್ನುವುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲಿಗೆ ಹೆಸರುಗಳ ಗೊಂದಲ ಬಗೆಹರಿಸಿಕೊಳ್ಳೋಣ. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ ಎಂದೂ ನೀಲ್‌ಗೆ ಶಹೀದ್ ದ್ವೀಪ ಎಂದೂ ಮರುನಾಮಕರಣವಾಯಿತು. 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಕಾದಿರಿಸುವಾಗ ಎರಡೂ ಬಗೆಯ ಹೆಸರುಗಳು ಕಾಣಿಸಬಹುದು. ಬೇರೆ ಬೇರೆ ಊರು ಎಂದುಕೊಳ್ಳಬೇಡಿ. ಈ ಬರಹದಲ್ಲಿ ಬಳಕೆಯಲ್ಲಿರುವ ಹಳೆಯ ಹೆಸರುಗಳನ್ನೇ ಉಳಿಸಿಕೊಂಡಿದ್ದೇವೆ.

ಚಿಕ್ಕ ಮಕ್ಕಳಿಗೆ ಏನೂ ನೆನಪಿರುವುದಿಲ್ಲ, ಹಾಗಾಗಿ ದಂಡ?

ಮೊದಲ ಭಾಗ ನಿಜ. ದೊಡ್ಡವರನ್ನು ಅವರ ಅತಿ ಹಳೆಯ ನೆನಪು ಯಾವುದೆಂದು ಕೇಳಿದರೆ ಬರುವ ಉತ್ತರ ಸರಾಸರಿ ಮೂರು, ಮೂರೂವರೆ ವರ್ಷದ ಆಸುಪಾಸಿನದು. ಅದಕ್ಕೂ ಹಿಂದಿನ ಘಟನೆಗಳು ಬಹುತೇಕ ಅಳಿಸಿಹೋಗಿರುತ್ತವೆ. ಮನಶ್ಶಾಸ್ತ್ರಜ್ಞರು ಇದನ್ನು ಬಾಲ್ಯದ ಮರೆವು ಎಂದು ಕರೆಯುತ್ತಾರೆ.

ಆದರೆ ಎರಡನೆಯ ಭಾಗ ಅದರಿಂದ ಹೊರಡುವುದಿಲ್ಲ. ಎರಡು ವರ್ಷದ ಮಗು ಮರಳು, ಅಲೆ, ಏಡಿಗಳ ಜೊತೆ ಕಳೆದ ಒಂದು ವಾರದ ಕಥೆಯನ್ನು ಮುಂದೆ ಹೇಳಲಾರದು, ನಿಜ. ಆದರೆ ಅಲ್ಲಿ ಕಲಿತ ಮಾತು, ನೀರಿನ ಬಗೆಗಿನ ಧೈರ್ಯ, ಅಪ್ಪ-ಅಮ್ಮ ಇಡೀ ದಿನ ಪಕ್ಕದಲ್ಲೇ ಇದ್ದ ಸುಖ ಇವು ನೆನಪಿನ ಕಥೆಯಾಗದೆಯೂ ಮಗುವಿನ ಬೆಳವಣಿಗೆಯಲ್ಲಿ ಸೇರುತ್ತವೆ. ಅಜ್ಜಿ ಹಾಡಿದ ಜೋಗುಳ ನಮಗೆ ನೆನಪಿಲ್ಲ. ಹಾಗೆಂದು ಅದು ವ್ಯರ್ಥವಾಗಲಿಲ್ಲ.

ಇದರಿಂದ ನಮ್ಮ ಜೇಬಿಗೆ ಸಂಬಂಧಿಸಿದ ಒಂದು ತೀರ್ಮಾನವೂ ಹೊರಡುತ್ತದೆ. ಮಗುವಿಗೆ "ನೋಡಲೇಬೇಕಾದ ಹತ್ತು ಜಾಗ" ಎಂಬುದು ಇಲ್ಲವೇ ಇಲ್ಲ. ಅದಕ್ಕೆ ಬೇಕಿರುವುದು ಆಳವಿಲ್ಲದ ನೀರು, ಮರಳು, ನೆರಳು, ಹೊತ್ತಿಗೆ ಸರಿಯಾಗಿ ಊಟ ಮತ್ತು ನಿದ್ದೆ. ಪ್ಯಾಕೇಜುಗಳಲ್ಲಿ ದುಬಾರಿಯಾದ ಭಾಗ ಸಾಮಾನ್ಯವಾಗಿ ಆ ಹತ್ತು ಜಾಗಗಳ ಓಡಾಟ. ಸ್ಕೂಬಾ ಡೈವಿಂಗಿಗೆ ಹತ್ತು ವರ್ಷದೊಳಗಿನವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದೂ ಇಲ್ಲ. ಪ್ಯಾಕೇಜಿನಲ್ಲಿ ಅದು ಸೇರಿದ್ದರೆ ಅಪ್ಪ-ಅಮ್ಮಂದಿರಲ್ಲಿ ಒಬ್ಬರು ದಡದಲ್ಲಿ ಮಗು ಹಿಡಿದು ಕೂರಬೇಕು, ದುಡ್ಡು ಮಾತ್ರ ಇಬ್ಬರದೂ ಹೋಗಿರುತ್ತದೆ.

ಯಾವಾಗ ಹೋಗಬೇಕು? 'ಆಫ್ ಸೀಸನ್ ಅಗ್ಗ' ಎಂಬ ಅರ್ಧಸತ್ಯ

ಅಂಡಮಾನ್‌ನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾಗುತ್ತದೆ. ನೈಋತ್ಯ ಮುಂಗಾರು ಕೇರಳಕ್ಕಿಂತ ಮೊದಲು ಮುಟ್ಟುವುದು ಈ ದ್ವೀಪಗಳನ್ನೇ. ಮೇ ಮೂರನೆಯ ವಾರದ ಹೊತ್ತಿಗೆ ಅಲ್ಲಿ ಮಳೆಗಾಲ ಶುರು. ಅದು ಮುಗಿಯುತ್ತಿದ್ದಂತೆ ಈಶಾನ್ಯ ಮಾರುತದ ಮಳೆ, ಜೊತೆಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ಒಣಹವೆ ಇರುವುದು ಜನವರಿಯಿಂದ ಏಪ್ರಿಲ್‌ವರೆಗೆ.

ಮಳೆಗಾಲದಲ್ಲಿ ಹೋಟೆಲ್ ಬಾಡಿಗೆ ಇಳಿಯುವುದು ನಿಜ. ಆದರೆ ಅಂಡಮಾನ್ ಒಂದು ಊರಲ್ಲ, ದ್ವೀಪಗಳ ಗುಂಪು. ಒಂದರಿಂದ ಇನ್ನೊಂದಕ್ಕೆ ಹೋಗಲು ಹಡಗೇ ಬೇಕು. ಸಮುದ್ರ ಒರಟಾದರೆ ಹಡಗು ರದ್ದಾಗುತ್ತದೆ. ಆಗ ಕಾದಿರಿಸಿದ ಹೋಟೆಲ್ಲಿಗೆ ಹೋಗಲಾಗದೆ ಇರುವ ಊರಿನಲ್ಲಿ ಇನ್ನೊಂದು ರಾತ್ರಿಗೆ ದುಡ್ಡು ಕೊಡಬೇಕು. ವಾಪಸು ಬರುವ ದಿನ ಹೀಗಾದರೆ ವಿಮಾನವೇ ತಪ್ಪೀತು. ಜೊತೆಗೆ ಅಲೆಗಳು ಜೋರಾಗಿದ್ದರೆ ಮಕ್ಕಳನ್ನು ನೀರಿಗೆ ಬಿಡುವಂತಿಲ್ಲ. ಬಾಡಿಗೆಯಲ್ಲಿ ಉಳಿದದ್ದು ಬೇರೆ ದಾರಿಯಲ್ಲಿ ಹೋಗುತ್ತದೆ.

ಇಲ್ಲಿ ಪುಟ್ಟ ಮಕ್ಕಳ ಅಪ್ಪ-ಅಮ್ಮಂದಿರಿಗೆ ಒಂದು ಅನುಕೂಲವಿದೆ. ಕರ್ನಾಟಕದ ಶಾಲಾ ರಜೆಗಳು ಎರಡು: ದಸರೆಯದು ಅಕ್ಟೋಬರಿನ ಮಳೆಯಲ್ಲಿ ಬರುತ್ತದೆ, ಬೇಸಿಗೆಯದು ಏಪ್ರಿಲ್-ಮೇನಲ್ಲಿ, ಟಿಕೆಟ್ ಬೆಲೆ ಏರಿರುವಾಗ. ಕ್ರಿಸ್‌ಮಸ್, ಹೊಸ ವರ್ಷದ ವಾರಗಳಂತೂ ಅತಿ ದುಬಾರಿ. ಮಗು ಇನ್ನೂ ಒಂದನೇ ತರಗತಿಗೆ ಸೇರಿಲ್ಲವೆಂದರೆ ಈ ರಜೆಗಳ ಹಂಗು ನಿಮಗಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ, ವಾರದ ನಡುವಿನ ದಿನಗಳಲ್ಲಿ ಹೊರಟರೆ ಹವೆಯೂ ಒಳ್ಳೆಯದು, ಸಮುದ್ರವೂ ಶಾಂತ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಈ ಸ್ವಾತಂತ್ರ್ಯ ಆರು ವರ್ಷ ತುಂಬಿದ ಮೇಲೆ ಮತ್ತೆ ಸಿಗುವುದಿಲ್ಲ.

ಎರಡನೆಯ ಹುಟ್ಟುಹಬ್ಬದ ಲೆಕ್ಕ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಹಡಗೂ ಇದೆ. ಆದರೆ ಅದರಲ್ಲಿ ಹೋಗಲು ಹೆಚ್ಚುಕಡಿಮೆ ಮೂರು ದಿನ ಹಿಡಿಯುತ್ತದೆ. ಟಿಕೆಟ್ ಅಗ್ಗವೆಂದು ಪುಟ್ಟ ಮಕ್ಕಳೊಂದಿಗೆ ಮೂರು ದಿನ ಹಡಗಿನಲ್ಲಿ ಕಳೆಯುವುದು ಉಳಿತಾಯವಲ್ಲ.

ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂತು ಪ್ರಯಾಣಿಸಬಹುದು. ಅದಕ್ಕೆ ವಿಮಾನ ಸಂಸ್ಥೆಗಳು ಒಂದು ಸಣ್ಣ ಶುಲ್ಕವನ್ನಷ್ಟೇ ಪಡೆಯುತ್ತವೆ. ಎರಡು ತುಂಬಿತೆಂದರೆ ಪ್ರತ್ಯೇಕ ಸೀಟು, ಹೆಚ್ಚುಕಡಿಮೆ ದೊಡ್ಡವರ ದರವೇ. ಗಮನಿಸಬೇಕಾದ ವಿಷಯ: ವಯಸ್ಸಿನ ಲೆಕ್ಕ ಟಿಕೆಟ್ ಕೊಂಡ ದಿನದ್ದಲ್ಲ, ಪ್ರಯಾಣದ ದಿನದ್ದು. ಪ್ರವಾಸದ ಮಧ್ಯೆ ಮಗುವಿಗೆ ಎರಡು ತುಂಬಿದರೆ ಬರುವ ಪ್ರಯಾಣಕ್ಕೆ ಸೀಟು ಕೊಳ್ಳಲೇಬೇಕು. ಜನನ ಪ್ರಮಾಣಪತ್ರದ ಪ್ರತಿ ಕೈಯಲ್ಲಿರಲಿ, ವಯಸ್ಸಿಗೆ ದಾಖಲೆ ಕೇಳುತ್ತಾರೆ.

ದೊಡ್ಡ ಮಗುವಿನ ಪಕ್ಕ ಕೂರಲೆಂದು ಸೀಟು ಆಯ್ಕೆಗೆ ಹೆಚ್ಚುವರಿ ದುಡ್ಡು ಕಟ್ಟುವವರಿದ್ದಾರೆ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪ ಅಥವಾ ಅಮ್ಮನ ಪಕ್ಕದ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿದೆ. ಹಾಗಾಗಿ ಎಲ್ಲರ ಟಿಕೆಟ್ಟನ್ನೂ ಒಂದೇ ಬಾರಿಗೆ ಕಾದಿರಿಸಿ.

ಕಿವಿಗೆ ಹತ್ತಿ ಇಟ್ಟರೆ ನೋವು ಬರುವುದಿಲ್ಲವೇ?

ವಿಮಾನದಲ್ಲಿ ಮಕ್ಕಳು ಅಳುವುದಕ್ಕೆ ಮುಖ್ಯ ಕಾರಣ ಕಿವಿನೋವು. ಇದು ಶಬ್ದದಿಂದ ಬರುವುದಲ್ಲ, ಗಾಳಿಯ ಒತ್ತಡದಿಂದ. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆಯಿದೆ. ಅಲ್ಲಿಂದ ಗಂಟಲಿನ ಹಿಂಭಾಗಕ್ಕೆ ಯೂಸ್ಟೇಷಿಯನ್ ನಾಳ ಎಂಬ ಕಿರಿದಾದ ಕೊಳವೆ ಇರುತ್ತದೆ. ವಿಮಾನ ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುತ್ತದೆ. ಆ ಕೊಳವೆ ತೆರೆದು ಒಳಗೂ ಗಾಳಿ ಹೋದರೆ ಎರಡೂ ಕಡೆ ಸಮವಾಗುತ್ತದೆ, ಇಲ್ಲವಾದರೆ ತಮಟೆ ಒಳಕ್ಕೆ ಒತ್ತಲ್ಪಟ್ಟು ನೋಯುತ್ತದೆ. ಮಕ್ಕಳಲ್ಲಿ ಈ ಕೊಳವೆ ಕಿರಿದು, ಬೇಗ ಕಟ್ಟಿಕೊಳ್ಳುತ್ತದೆ.

ಹೊರಕಿವಿಗೆ ಹತ್ತಿ ಇಟ್ಟರೆ ಒತ್ತಡದ ಈ ವ್ಯತ್ಯಾಸಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಗಾಳಿ ಹತ್ತಿಯನ್ನು ದಾಟಿಯೇ ಹೋಗುತ್ತದೆ. ಕೊಳವೆ ತೆರೆಯುವುದು ನುಂಗಿದಾಗ. ಆದ್ದರಿಂದ ವಿಮಾನ ಇಳಿಯಲು ಶುರುಮಾಡಿದಾಗ, ಅಂದರೆ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲು, ಮಗುವಿಗೆ ಎದೆಹಾಲು, ಬಾಟಲಿ ಅಥವಾ ನೀರು ಕೊಡಿ. ನಿದ್ದೆ ಮಾಡುತ್ತಿದ್ದರೆ ಆಗ ಎಬ್ಬಿಸಿ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಜೋರು ನೆಗಡಿ ಅಥವಾ ಕಿವಿಯ ಸೋಂಕು ಇದ್ದರೆ ಹೊರಡುವ ಮೊದಲು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಅಂಡಮಾನ್‌ನಲ್ಲಿ ಸೂರ್ಯ ಒಂದು ಗಂಟೆ ಮುಂದೆ

ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಪೋರ್ಟ್ ಬ್ಲೇರ್ ಇರುವುದು 92.7 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಅಲ್ಲಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 40 ನಿಮಿಷ ಮುಂದಿರುತ್ತಾನೆ. ಬೆಂಗಳೂರು 77.6 ಡಿಗ್ರಿಯಲ್ಲಿರುವುದರಿಂದ ಇಲ್ಲಿ ಸೂರ್ಯ ಸುಮಾರು 20 ನಿಮಿಷ ಹಿಂದೆ. ಒಟ್ಟು ವ್ಯತ್ಯಾಸ ಒಂದು ಗಂಟೆ. ಡಿಸೆಂಬರಿನಲ್ಲಿ ಅಲ್ಲಿ ಐದೂವರೆಗೆ ಬೆಳಗಾಗಿ, ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ.

ಇದು ಬರೀ ಕುತೂಹಲದ ಸಂಗತಿಯಲ್ಲ. ಬಿಸಿಲು ನೆತ್ತಿಗೆ ಬರುವುದು ಬೆಂಗಳೂರಿನಲ್ಲಿ ಸುಮಾರು 12.20ಕ್ಕೆ, ಅಂಡಮಾನ್‌ನಲ್ಲಿ 11.20ರ ಆಸುಪಾಸಿಗೆ. "ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗಬೇಡ" ಎಂಬ ನಮ್ಮ ಊರಿನ ನಿಯಮ ಅಲ್ಲಿ "ಒಂಬತ್ತರಿಂದ ಮೂರರವರೆಗೆ" ಎಂದಾಗಬೇಕು. ಹೋಟೆಲ್ಲಿನಲ್ಲಿ ನಿಧಾನವಾಗಿ ತಿಂಡಿ ತಿಂದು ಒಂಬತ್ತೂವರೆಗೆ ಬೀಚಿಗೆ ಹೊರಡುವ ಕುಟುಂಬ ದಿನದ ಅತ್ಯಂತ ತೀಕ್ಷ್ಣ ಕಿರಣಗಳಿಗೇ ಮಗುವನ್ನು ಒಡ್ಡುತ್ತದೆ.

ಪುಟ್ಟ ಮಕ್ಕಳು ಬೆಳಕಿಗೆ ಏಳುವವರು. ಐದೂವರೆಗೆ ಎದ್ದರೆ ಮತ್ತೆ ಮಲಗಿಸಲು ಹೆಣಗಬೇಡಿ. ಆರರಿಂದ ಎಂಟೂವರೆ ಬೀಚಿನ ಮೊದಲ ಸರದಿ. ಆಮೇಲೆ ತಿಂಡಿ, ನೆರಳು, ಊಟ, ನಿದ್ದೆ. ಮೂರಕ್ಕೆ ಎರಡನೆಯ ಸರದಿ. ಆರೂವರೆಗೆ ರಾತ್ರಿ ಊಟ. ಇದರಲ್ಲಿ ಉಳಿತಾಯವೂ ಇದೆ: ಬೀಚಿಗೆ ನಡೆದು ಹೋಗುವಷ್ಟು ಹತ್ತಿರದ ಸಾದಾ ಕೋಣೆ ಸಿಕ್ಕರೆ ಸಾಕು. ದೂರದ ದುಬಾರಿ ರೆಸಾರ್ಟಿನ ಈಜುಕೊಳಕ್ಕೆ ದುಡ್ಡು ಕೊಟ್ಟು ಮತ್ತೆ ಬೀಚಿಗೆ ಟ್ಯಾಕ್ಸಿ ಹಿಡಿಯುವ ಅಗತ್ಯವಿಲ್ಲ.

'ನಮ್ಮ ಬಣ್ಣಕ್ಕೆ ಬಿಸಿಲು ತಾಗಲ್ಲ' ಮತ್ತು ಕೊಬ್ಬರಿ ಎಣ್ಣೆ

ಕಂದು ಚರ್ಮದ ಮೆಲನಿನ್ ಸ್ವಲ್ಪ ರಕ್ಷಣೆ ಕೊಡುವುದು ನಿಜ, ಆದರೆ ಪೂರ್ತಿ ಅಲ್ಲ. ಮಕ್ಕಳ ಚರ್ಮ ತೆಳು, ನಮ್ಮಂತೆ ನೆರಳಿಗೆ ಬರಬೇಕೆಂಬ ಅರಿವೂ ಅವರಿಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬೀಚಿನ ಒಣ ಮರಳು ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇ. 15ನ್ನು, ಅಲೆಯ ನೊರೆ ಶೇ. 25ನ್ನು ಪ್ರತಿಫಲಿಸುತ್ತವೆ. ತೆಳು ಮೋಡ ಕವಿದಿದ್ದರೂ ಶೇ. 80ರವರೆಗೆ ಕಿರಣಗಳು ದಾಟಿ ಬರಬಲ್ಲವು.

ಕೊಬ್ಬರಿ ಎಣ್ಣೆಗೆ ಪ್ರಯೋಗಾಲಯದಲ್ಲಿ ಅಳೆದಾಗ ಸಿಕ್ಕ ಎಸ್‌ಪಿಎಫ್ ಎಂಟರ ಆಸುಪಾಸು. ವೈದ್ಯರು ಹೇಳುವುದು ಕನಿಷ್ಠ 30. ಹಾಗೆಂದು ಅತಿ ದುಬಾರಿ ಕ್ರೀಮೂ ಬೇಕಿಲ್ಲ: ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು ಯುವಿ-ಬಿ ಕಿರಣಗಳನ್ನು ತಡೆದರೆ, 50 ತಡೆಯುವುದು ಶೇ. 98. ಸಂಖ್ಯೆಗಿಂತ ಮುಖ್ಯವಾದದ್ದು ಧಾರಾಳವಾಗಿ ಹಚ್ಚುವುದು, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಬಂದಮೇಲೆ ಮತ್ತೆ ಹಚ್ಚುವುದು. ಇನ್ನೂ ಅಗ್ಗದ, ಇನ್ನೂ ಒಳ್ಳೆಯ ಉಪಾಯವೆಂದರೆ ಬಟ್ಟೆ. ಒತ್ತಾದ ನೇಯ್ಗೆಯ ತುಂಬುತೋಳಿನ ಈಜುಡುಗೆ, ಅಗಲ ಅಂಚಿನ ಟೋಪಿ ತೊಟ್ಟರೆ ಕ್ರೀಮು ಹಚ್ಚಬೇಕಾದ ಜಾಗವೇ ಕಡಿಮೆಯಾಗುತ್ತದೆ. ಆರು ತಿಂಗಳೊಳಗಿನ ಕೂಸನ್ನು ಕ್ರೀಮಿನ ಭರವಸೆಯ ಮೇಲೆ ಬಿಸಿಲಿಗೆ ಒಯ್ಯಬಾರದು. ಅದಕ್ಕೆ ನೆರಳೇ ಮದ್ದು.

ಎಷ್ಟು ದ್ವೀಪ ನೋಡಬೇಕು?

ಸಾಮಾನ್ಯ ಪ್ಯಾಕೇಜು ಹೀಗಿರುತ್ತದೆ: ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ಅಲ್ಲಿಂದ ವಾಪಸು. ಮೂರು ಹಡಗು. ಪ್ರತಿ ಹಡಗಿಗೂ ಎಲ್ಲರ ಟಿಕೆಟ್ಟು, ಜೆಟ್ಟಿಗೆ ಹೋಗುವ ಗಾಡಿ, ಅಲ್ಲಿ ಕಾಯುವಿಕೆ, ಇಳಿದಮೇಲೆ ಇನ್ನೊಂದು ಗಾಡಿ, ಹೊಸ ಕೋಣೆ. ಹೀಗೆ ಪ್ರತಿ ಸಲ ಅರ್ಧ ದಿನ, ಮಗುವಿನ ಒಂದು ನಿದ್ದೆ ಹಾಳು. ಅಂದರೆ ಚಿಕ್ಕ ಮಕ್ಕಳೊಂದಿಗೆ ಖರ್ಚು ಏರುವುದು ದಿನಗಳಿಂದಲ್ಲ, ಸ್ಥಳಾಂತರಗಳಿಂದ. ಒಂದು ದ್ವೀಪವನ್ನು ಕೈಬಿಟ್ಟು ಹ್ಯಾವ್‌ಲಾಕ್ ಅಥವಾ ನೀಲ್ ಯಾವುದಾದರೂ ಒಂದರಲ್ಲಿ ನಾಲ್ಕು ರಾತ್ರಿ ಉಳಿದರೆ ದುಡ್ಡೂ ಉಳಿಯುತ್ತದೆ, ಮಗುವಿಗೆ ಜಾಗವೂ ಪರಿಚಯವಾಗುತ್ತದೆ. ಕೆಲವು ಹೋಟೆಲ್ಲುಗಳು ಹೆಚ್ಚು ದಿನ ಉಳಿದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುವುದೂ ಉಂಟು, ಕೇಳಿ ನೋಡಿ.

ಹ್ಯಾವ್‌ಲಾಕ್‌ಗೆ ಹಡಗಿನಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ. ಸರ್ಕಾರಿ ಹಡಗಿನ ಟಿಕೆಟ್ಟು ಖಾಸಗಿ ಹಡಗಿಗಿಂತ ಬಹಳ ಕಡಿಮೆ, ಆದರೆ ಸಿಗುವುದು ಕಷ್ಟ, ವೇಗವೂ ಕಡಿಮೆ. ಹ್ಯಾವ್‌ಲಾಕ್‌ನಲ್ಲಿ ಜೆಟ್ಟಿಯಿಂದ ರಾಧಾನಗರ ಬೀಚಿಗೆ ಬಸ್ಸೂ ಇದೆ. ಗೋವಿಂದನಗರದ ಪೇಟೆಯ ಸುತ್ತ ಸಾದಾ ವಸತಿ, ಅನ್ನ-ಬೇಳೆ-ಮೀನಿನ ಊಟ ಸಿಗುತ್ತವೆ. ಅಲ್ಲಿ ನೆಲೆಸಿದವರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳೇ ಹೆಚ್ಚು. ಪೋರ್ಟ್ ಬ್ಲೇರ್‌ನಲ್ಲಿ ತಮಿಳರೂ ಬಹಳವಿರುವುದರಿಂದ ಇಡ್ಲಿ, ದೋಸೆಗೆ ಬರವಿಲ್ಲ. ಡೈಪರ್, ಹಾಲಿನ ಪುಡಿ, ಮಗುವಿನ ಔಷಧಿಗಳನ್ನು ಮಾತ್ರ ಊರಿನಿಂದಲೇ ಒಯ್ಯಿರಿ. ನಿಮ್ಮ ಮಗುವಿಗೆ ಹೊಂದುವ ಬ್ರ್ಯಾಂಡು ಸಣ್ಣ ದ್ವೀಪದಲ್ಲಿ ಸಿಗದಿರಬಹುದು.

ಉಳಿತಾಯ ಮಾಡಬಾರದ ಒಂದು ರಾತ್ರಿಯೂ ಇದೆ: ಕೊನೆಯದು. ವಾಪಸು ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಬಂದು ಉಳಿಯಿರಿ. ಹಡಗು ತಡವಾದರೆ ಆ ಒಂದು ರಾತ್ರಿಯ ಬಾಡಿಗೆ ನಿಮ್ಮ ಎಲ್ಲರ ವಿಮಾನದ ಟಿಕೆಟ್ಟನ್ನು ಕಾಪಾಡುತ್ತದೆ.

ಬಾರಾಟಾಂಗ್‌ನ ಸುಣ್ಣದಕಲ್ಲಿನ ಗುಹೆಗಳ ಬಗ್ಗೆಯೂ ಒಂದು ಮಾತು. ರಸ್ತೆಯಲ್ಲಿ ಅಲ್ಲಿಗೆ ಹೋಗಬೇಕಾದರೆ ನಸುಕಿಗೂ ಮೊದಲು ಎದ್ದು, ಜಾರವ ಬುಡಕಟ್ಟಿನ ಮೀಸಲು ಪ್ರದೇಶದ ಮೂಲಕ ವಾಹನಗಳ ಸಾಲಿನಲ್ಲಿ ಸಾಗಬೇಕು. ದಾರಿಯಲ್ಲಿ ನಿಲ್ಲಿಸುವಂತಿಲ್ಲ, ಮಗುವಿಗೆ ಮೂತ್ರಕ್ಕೆ ಹೋಗಬೇಕೆಂದರೂ. ಅಲ್ಲಿನ ಜನರ ಫೋಟೊ ತೆಗೆಯುವುದು ಅಪರಾಧ. ಐದು ವರ್ಷದೊಳಗಿನವರಿದ್ದರೆ ಇದನ್ನು ಬಿಟ್ಟುಬಿಡುವುದೇ ಎಲ್ಲರಿಗೂ ಕ್ಷೇಮ.

ಹಡಗಿನ ವಾಂತಿಗೆ 'ವಾಂತಿ ಸಿರಪ್' ಕೊಟ್ಟರಾಯಿತೇ?

ಹಡಗಿನೊಳಗೆ ಕೂತಾಗ ಕಣ್ಣು "ಎಲ್ಲ ನಿಂತಲ್ಲೇ ಇದೆ" ಎನ್ನುತ್ತದೆ, ಒಳಕಿವಿಯ ಸಮತೋಲನದ ಅಂಗ "ನಾವು ಓಲಾಡುತ್ತಿದ್ದೇವೆ" ಎನ್ನುತ್ತದೆ. ಈ ಎರಡು ಸುದ್ದಿ ಹೊಂದದಿದ್ದಾಗ ವಾಕರಿಕೆ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ. ಎರಡರಿಂದ ಹನ್ನೆರಡರವರೆಗಿನವರಿಗೆ ಹೆಚ್ಚು.

ಅನೇಕ ಮನೆಗಳಲ್ಲಿ ಇರುವ ವಾಂತಿಯ ಸಿರಪ್ ಒಂಡಾನ್‌ಸೆಟ್ರಾನ್. ಹೊಟ್ಟೆಯ ಸೋಂಕಿನ ವಾಂತಿಗೆ ಅದು ಕೆಲಸಮಾಡುತ್ತದೆ, ಆದರೆ ಪ್ರಯಾಣದ ವಾಕರಿಕೆಯನ್ನು ತಡೆಯುವಲ್ಲಿ ಪ್ರಯೋಜನಕ್ಕೆ ಬಾರದು; ಎರಡರ ದಾರಿಯೂ ಬೇರೆ. ಪ್ರಯಾಣದ ವಾಕರಿಕೆಗೆ ಬಳಸುವ ಪ್ರೊಮೆಥಜಿನ್ ಎರಡು ವರ್ಷದೊಳಗಿನವರಿಗೆ ಅಪಾಯಕಾರಿ. ಹಾಗಾಗಿ ಔಷಧಿ ಬೇಕೆನಿಸಿದರೆ ಹೊರಡುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಿ.

ಖರ್ಚಿಲ್ಲದ ಉಪಾಯಗಳೂ ಇವೆ. ಓಲಾಟ ಕಡಿಮೆಯಿರುವ ಮಧ್ಯಭಾಗದ ಕೆಳಹಂತದ ಸೀಟು ಆರಿಸಿ. ಮೊಬೈಲ್ ಕೊಡಬೇಡಿ; ದೂರದ ದಿಗಂತ ತೋರಿಸಿ. ಬರಿಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಒಂದು ಗಂಟೆ ಮೊದಲು ಇಡ್ಲಿಯಂಥ ಹಗುರ ತಿಂಡಿ ಸಾಕು. ಬೆಳಗಿನ ಹಡಗುಗಳಲ್ಲಿ ಸಾಮಾನ್ಯವಾಗಿ ಗಾಳಿ ಕಡಿಮೆ ಇರುತ್ತದೆ.

ಭೇದಿಗೆ ಎಳನೀರು ಸಾಕೇ?

ಎಳನೀರು ಒಳ್ಳೆಯ ಪಾನೀಯ, ದ್ವೀಪದಲ್ಲಿ ಎಲ್ಲೆಡೆ ಸಿಗುತ್ತದೆ. ಆದರೆ ಭೇದಿಯಲ್ಲಿ ದೇಹ ಮುಖ್ಯವಾಗಿ ಕಳೆದುಕೊಳ್ಳುವುದು ನೀರು ಮತ್ತು ಸೋಡಿಯಂ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಕರುಳು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಜೊತೆಯಾಗಿ ಹೀರುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಓಆರ್‌ಎಸ್ ಪೊಟ್ಟಣದಲ್ಲಿ ಈ ಎರಡೂ ಸರಿಯಾದ ಪ್ರಮಾಣದಲ್ಲಿವೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಅರ್ಧ ಪೊಟ್ಟಣ, ಅಂದಾಜು ನೀರು ಎಂದರೆ ಪ್ರಮಾಣ ಕೆಡುತ್ತದೆ. ಓಆರ್‌ಎಸ್ ಹೆಸರು ಹೊತ್ತ ಸಿಹಿ ಪಾನೀಯಗಳನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿದೆ. ನಾಲ್ಕೈದು ಪೊಟ್ಟಣ ಬ್ಯಾಗಿನಲ್ಲಿದ್ದರೆ ತೂಕವೂ ಇಲ್ಲ, ದುಡ್ಡೂ ಇಲ್ಲ.

ಅಂಡಮಾನ್‌ನಲ್ಲಿ ಮಲೇರಿಯಾ, ಡೆಂಗಿ ಎರಡೂ ಇವೆ. ಸೊಳ್ಳೆಪರದೆ ಇರುವ ಕೋಣೆ, ಸಂಜೆ ಮೈತುಂಬ ಬಟ್ಟೆ ಬೇಕು. ಇಲಿ ಜ್ವರವೂ ಅಲ್ಲಿ ಹಳೆಯ ಸಮಸ್ಯೆ. ಮಳೆ ಬಿದ್ದಮೇಲೆ ನಿಂತ ಕೆಸರುನೀರಿನಲ್ಲಿ ಮಕ್ಕಳನ್ನು ಬರಿಗಾಲಿನಲ್ಲಿ ಆಡಲು ಬಿಡಬೇಡಿ. ಊರಿಗೆ ಬಂದ ಕೆಲವು ವಾರಗಳೊಳಗೆ ಮಗುವಿಗೆ ಜ್ವರ ಬಂದರೆ "ಅಂಡಮಾನ್‌ಗೆ ಹೋಗಿದ್ದೆವು" ಎಂದು ವೈದ್ಯರಿಗೆ ತಪ್ಪದೆ ಹೇಳಿ.

ನೀರಿನಲ್ಲಿ: ಮುಳುಗುವ ಮಗು ಕೂಗುವುದಿಲ್ಲ

ಸಿನಿಮಾಗಳಲ್ಲಿ ಮುಳುಗುವವರು ಕೈ ಬೀಸಿ ಕೂಗುತ್ತಾರೆ. ನಿಜದಲ್ಲಿ ಹಾಗಾಗುವುದು ಅಪರೂಪ. ಬಾಯಿ ನೀರಿನ ಮೇಲೆ ಬಂದ ಕ್ಷಣವನ್ನು ದೇಹ ಉಸಿರಾಟಕ್ಕೆ ಬಳಸುತ್ತದೆ, ಕೂಗಲು ಗಾಳಿ ಉಳಿಯುವುದಿಲ್ಲ. ಚಿಕ್ಕ ಮಗು ಮೊಣಕಾಲುದ್ದದ ನೀರಿನಲ್ಲೂ ಸದ್ದಿಲ್ಲದೆ ಮುಳುಗಬಹುದು. ಹಾಗಾಗಿ ನಿಯಮ ಒಂದೇ: ನೀರಿನಲ್ಲಿರುವ ಮಗು ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು. ಇಬ್ಬರು ದೊಡ್ಡವರಿದ್ದರೆ "ಈಗ ನೋಡುತ್ತಿರುವುದು ನಾನು" ಎಂದು ಒಬ್ಬರು ಬಾಯಿಬಿಟ್ಟು ಹೇಳಿ ಸರದಿ ವಹಿಸಿಕೊಳ್ಳಬೇಕು. ಇಬ್ಬರೂ ನೋಡುತ್ತಿದ್ದೇವೆ ಎಂದುಕೊಂಡರೆ ಯಾರೂ ನೋಡುತ್ತಿರುವುದಿಲ್ಲ. ಗಾಳಿ ತುಂಬುವ ತೋಳುಪಟ್ಟಿ, ಬಾತುಕೋಳಿ ಟ್ಯೂಬುಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ. ಮಗುವಿನ ತೂಕಕ್ಕೆ ಹೊಂದುವ ಲೈಫ್ ಜಾಕೆಟ್ ಈ ಪ್ರವಾಸದಲ್ಲಿ ಉಳಿತಾಯ ಮಾಡಬಾರದ ವಸ್ತು.

ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಪ್ರವಾಸಿಗರು ಸತ್ತ ಉದಾಹರಣೆಯೂ ಇದೆ. ಎಚ್ಚರಿಕೆಯ ಫಲಕ ಇರುವಲ್ಲಿ, ತೊರೆ ಸಮುದ್ರ ಸೇರುವಲ್ಲಿ, ಮ್ಯಾಂಗ್ರೋವ್ ಕಾಡಿನ ಅಂಚಿನಲ್ಲಿ, ಮುಸ್ಸಂಜೆಯ ಹೊತ್ತಿನಲ್ಲಿ ನೀರಿಗೆ ಇಳಿಯಬೇಡಿ. ಜೀವರಕ್ಷಕರಿರುವ, ಬಲೆ ಅಥವಾ ಗುರುತು ಹಾಕಿದ ಜಾಗ ಆರಿಸಿ.

ಜೆಲ್ಲಿಮೀನು ಕುಟುಕಿದರೆ ಮೂತ್ರ ಸುರಿಯಬೇಕೆಂಬುದು ಸುಳ್ಳು; ಅದರಿಂದ ಇನ್ನಷ್ಟು ವಿಷಕೋಶಗಳು ಸಿಡಿಯಬಹುದು. ಉಜ್ಜದೆ ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮಟದಿಂದ ತೆಗೆದು, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಉಸಿರಾಟದ ತೊಂದರೆ ಕಂಡರೆ ಒಂದು ಕ್ಷಣವೂ ಕಾಯಬೇಡಿ.

ದುಡ್ಡಿಲ್ಲದ ಆಟಗಳು, ಮತ್ತು ಒಂದು ಕಾನೂನು

ಮಕ್ಕಳಿಗೆ ಸಮುದ್ರದ ಅತ್ಯುತ್ತಮ ಪ್ರದರ್ಶನ ಇಳಿತದ ಹೊತ್ತಿನಲ್ಲಿ ಪುಕ್ಕಟೆ ಸಿಗುತ್ತದೆ. ನೀರು ಹಿಂದೆ ಸರಿದಾಗ ಬಂಡೆಗಳ ಗುಂಡಿಗಳಲ್ಲಿ ಏಡಿ, ಪುಟ್ಟ ಮೀನು, ಸಮುದ್ರ ಸೌತೆಗಳು ಉಳಿಯುತ್ತವೆ. ನೀಲ್ ದ್ವೀಪದ ಸಹಜ ಕಲ್ಲುಸೇತುವೆಯ ಸುತ್ತ ಇದನ್ನು ಚೆನ್ನಾಗಿ ನೋಡಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ-ಇಳಿತ ಹೆಚ್ಚು. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೋಟೆಲ್ಲಿನವರನ್ನು ಆ ದಿನದ ಇಳಿತ ಯಾವಾಗ ಎಂದು ಕೇಳಿಕೊಂಡು ಹೊರಡಿ. ಕಾಲಿಗೆ ಚಪ್ಪಲಿ ಇರಲಿ, ಹವಳ ಕೊಯ್ಯುತ್ತದೆ.

ನೋಡಿದ್ದನ್ನು ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಹವಳ ಮತ್ತು ಹಲವು ಬಗೆಯ ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗು ತಪಾಸಣೆಯೂ ಆಗುತ್ತದೆ. ಮಗು ಆಯ್ದ ಚಿಪ್ಪುಗಳ ಫೋಟೊ ತೆಗೆದು, ಅಲ್ಲೇ ಬಿಟ್ಟು ಬನ್ನಿ.

ಅಷ್ಟು ದೂರ ಬೇಡವೆಂದರೆ

ಎಲ್ಲ ಲೆಕ್ಕ ಹಾಕಿದ ಮೇಲೂ ವಿಮಾನದ ಖರ್ಚು ಭಾರವೆನಿಸಿದರೆ ಸಾಲ ಮಾಡಿ ಹೋಗಬೇಕಾದ ಜಾಗ ಅಂಡಮಾನ್ ಅಲ್ಲ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರಿಸ್ ದ್ವೀಪ ನಮ್ಮಲ್ಲೇ ಇದೆ. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ ಹರಿದ ಲಾವಾ ತಣಿದು ಮೂಡಿದ ಕಲ್ಲುಕಂಬಗಳು ಅಲ್ಲಿವೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಆಳವಾದ ಕಡೆ ಈಜುವಂತಿಲ್ಲ. ಬಸ್ಸು ಅಥವಾ ರೈಲಿನಲ್ಲಿ ಹೋಗಿ, ಉಡುಪಿಯಲ್ಲಿ ಉಳಿದು, ಒಂದು ಬೆಳಿಗ್ಗೆ ದ್ವೀಪ, ಉಳಿದ ದಿನ ಮಲ್ಪೆಯ ಮರಳು. ನಾಲ್ಕು ವರ್ಷದ ಮಗು ಎರಡು ಸಮುದ್ರಗಳ ನಡುವೆ ಭೇದ ಎಣಿಸುವುದಿಲ್ಲ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಇಷ್ಟು. ಉಳಿಸಬಹುದಾದದ್ದು: ದ್ವೀಪಗಳ ಸಂಖ್ಯೆ, ಸಾಹಸ ಕ್ರೀಡೆಗಳ ಪ್ಯಾಕೇಜು, ರೆಸಾರ್ಟಿನ ಈಜುಕೊಳ, ಸೀಟು ಆಯ್ಕೆಯ ಶುಲ್ಕ, ರಜಾಕಾಲದ ಟಿಕೆಟ್ಟು. ಉಳಿಸಬಾರದದ್ದು: ಲೈಫ್ ಜಾಕೆಟ್, ಸನ್‌ಸ್ಕ್ರೀನ್, ಸೊಳ್ಳೆಪರದೆ, ಓಆರ್‌ಎಸ್, ಪೋರ್ಟ್ ಬ್ಲೇರ್‌ನ ಕೊನೆಯ ರಾತ್ರಿ. ಎರಡನೆಯ ಪಟ್ಟಿಯಲ್ಲಿರುವ ಎಲ್ಲದರ ಬೆಲೆಯನ್ನೂ ಕೂಡಿಸಿ ನೋಡಿ. ಮೊದಲ ಪಟ್ಟಿಯಿಂದ ಒಂದೆರಡನ್ನು ಬಿಟ್ಟರೆ ಅದು ಸರಿತೂಗುತ್ತದೆ.